ವಿಕಿರಣದ ಎದುರು ಯಕೃತ್ತು: ಗಿಡಗಳು ಏನು ಮಾಡಬಲ್ಲವು?



ವಿಕಿರಣ ಚಿಕಿತ್ಸೆ ನಡೆಯುತ್ತಿರುವಾಗಲೇ ಮನೆಯಲ್ಲಿ ಅಮೃತಬಳ್ಳಿಯದೋ ಕಿರುನೆಲ್ಲಿಯದೋ ಕಷಾಯ ಕುಡಿಯುವ ರೋಗಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಎಷ್ಟೋ ಮಂದಿ ಅದನ್ನು ಡಾಕ್ಟರ ಕಿವಿಗೆ ಹಾಕುವುದಿಲ್ಲ. ಇನ್ನೊಂದು ಕಡೆ, ಇಂಥ ಗಿಡದ ಸಾರ ಇಲಿಯ ಯಕೃತ್ತನ್ನು ಗಾಮಾ ಕಿರಣದಿಂದ ಕಾಪಾಡಿತು ಎಂಬ ಪ್ರಬಂಧಗಳು ದಶಕಗಳಿಂದ ಅಚ್ಚಾಗುತ್ತಲೇ ಇವೆ. ಆ ಪ್ರಬಂಧಗಳನ್ನು ನಾನು ಗೌರವದಿಂದ ಓದುತ್ತೇನೆ. ಅವುಗಳಲ್ಲಿ ಅತ್ಯುತ್ತಮವಾದ ಕೆಲವು ನಮ್ಮ ಮಣಿಪಾಲದಲ್ಲೇ ಹುಟ್ಟಿದವು. ಆದರೆ ಇಲಿಯ ಪಂಜರದಿಂದ ರೋಗಿಯ ಹಾಸಿಗೆಯವರೆಗಿನ ದಾರಿಯನ್ನು ನಾವಿನ್ನೂ ನಡೆದಿಲ್ಲ. ಕೆಲವು ಗಿಡಗಳಿಗೆ ಈ ಶಕ್ತಿ ಇದೆ ಎಂದೇ ನನ್ನ ನಂಬಿಕೆ. ಶಕ್ತಿ ಇದೆ ಎಂದು ಒಪ್ಪಿದ ಮೇಲೆ, ಅದು ಯಾವಾಗ ಕಾಯುತ್ತದೆ, ಯಾರನ್ನು ಕಾಯುತ್ತದೆ, ಯಕೃತ್ತಿನ ಜೊತೆಗೆ ಗಡ್ಡೆಯನ್ನೂ ಕಾದುಬಿಡುತ್ತದೆಯೇ ಎಂದು ಕೇಳದೆ ಇರಲಾಗದು. ಇವತ್ತಿನ ಮಾತೆಲ್ಲ ಈ ಪ್ರಶ್ನೆಗಳ ಸುತ್ತಲೇ ಇರುತ್ತದೆ.

ಮೊದಲು ಯಕೃತ್ತಿಗೆ ವಿಕಿರಣ ಏನು ಮಾಡುತ್ತದೆ ನೋಡೋಣ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವೈದ್ಯರು ಯಕೃತ್ತನ್ನು ವಿಕಿರಣಕ್ಕೆ ಜಗ್ಗದ ಅಂಗವೆಂದೇ ತಿಳಿದಿದ್ದರು. ಅದರ ಜೀವಕೋಶಗಳು ಅಪರೂಪಕ್ಕೆ ವಿಭಜನೆಗೊಳ್ಳುವುದರಿಂದ ಪೆಟ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲ. 1965ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಂಗೋಲ್ಡ್ ಮತ್ತು ಸಂಗಡಿಗರು ಇಡೀ ಯಕೃತ್ತಿಗೆ ವಿಕಿರಣ ಪಡೆದ 40 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ 13 ಮಂದಿಗೆ ಯಕೃತ್ತು ಕೆಟ್ಟಿತ್ತು. ಚಿಕಿತ್ಸೆ ಮುಗಿದು ಕೆಲವು ವಾರ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಎರಡು ವಾರದಿಂದ ಮೂರು ನಾಲ್ಕು ತಿಂಗಳೊಳಗೆ ಹೊಟ್ಟೆ ಉಬ್ಬುತ್ತದೆ, ನೀರು ತುಂಬುತ್ತದೆ, ಯಕೃತ್ತು ದಪ್ಪವಾಗುತ್ತದೆ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ. ಸಾಮಾನ್ಯವಾಗಿ ಕಣ್ಣು ಹಳದಿಯಾಗುವುದಿಲ್ಲ. ನಮ್ಮ ಜನ ಯಕೃತ್ತಿನ ಕಾಯಿಲೆ ಎಂದರೆ ಅರಿಶಿನ ಕಾಮಾಲೆ ಎಂದೇ ಎಣಿಸುವುದರಿಂದ ಈ ಮಾತನ್ನು ಒತ್ತಿ ಹೇಳುತ್ತೇನೆ: ಇಲ್ಲಿ ಕಾಮಾಲೆಗಾಗಿ ಕಾಯುತ್ತ ಕೂತರೆ ರೋಗ ತಪ್ಪಿಸಿಕೊಳ್ಳುತ್ತದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲು ಪೆಟ್ಟು ತಿನ್ನುವುದು ಯಕೃತ್ತಿನ ದುಡಿಯುವ ಕೋಶಗಳಿಗಿಂತ ಹೆಚ್ಚಾಗಿ ಅದರ ರಕ್ತದ ಓಣಿಗಳು. ಸಣ್ಣ ರಕ್ತನಾಳಗಳ ಒಳಪದರ ಕಿತ್ತುಹೋಗುತ್ತದೆ, ಪ್ರತಿಯೊಂದು ಕಿರುಹಾಲೆಯ ನಡುವೆ ಇರುವ ಅಭಿಧಮನಿಯಲ್ಲಿ ನಾರಿನ ಜಾಲ ಕಟ್ಟಿಕೊಳ್ಳುತ್ತದೆ, ರಕ್ತ ಹೊರಹೋಗಲಾರದೆ ಹಿಂದೆ ನಿಲ್ಲುತ್ತದೆ. ಆಮೇಲೆ ಟಿಜಿಎಫ್-ಬೀಟಾ ಎಂಬ ಸಂಕೇತ ಅಣು ಏರಿ ಗಾಯದ ನಾರು ಬೆಳೆಯುತ್ತದೆ. ಇಡೀ ಯಕೃತ್ತಿಗೆ ದಿನಕ್ಕೆ 2 ಗ್ರೇಯಂತೆ (ಗ್ರೇ ವಿಕಿರಣದ ಅಳತೆಯ ಮಾನ) ಒಟ್ಟು 30 ಗ್ರೇ ದಾಟಿದರೆ ಈ ಅಪಾಯ ಚುರುಕಾಗಿ ಏರುತ್ತದೆ ಎಂಬುದು ಇಂದಿನ ತಿಳಿವಳಿಕೆ. ಒಂದು ಭಾಗಕ್ಕಷ್ಟೇ ಕಿರಣ ಬಿಟ್ಟರೆ ಉಳಿದ ಭಾಗ ಬೆಳೆದು ಭಾರ ಹೊರುತ್ತದೆ. ಅದಕ್ಕೇ ಈಗಿನ ನಿಖರ ವಿಕಿರಣ ಚಿಕಿತ್ಸೆಯಲ್ಲಿ ಕನಿಷ್ಠ 700 ಮಿಲಿಲೀಟರಿನಷ್ಟು ಆರೋಗ್ಯವಂತ ಯಕೃತ್ತನ್ನು 15 ಗ್ರೇಗಿಂತ ಕೆಳಗೆ ಇಡುತ್ತಾರೆ. ಆದರೆ ಯಕೃತ್ತಿನ ಕ್ಯಾನ್ಸರ್ ಇರುವವರಲ್ಲಿ ಬಹುಪಾಲು ಮಂದಿಗೆ ಹೆಪಟೈಟಿಸ್ ವೈರಸ್, ಮದ್ಯ ಅಥವಾ ಕೊಬ್ಬಿನಿಂದ ಮೊದಲೇ ಸಿರೋಸಿಸ್ ಆಗಿರುತ್ತದೆ. ಅವರ ಪಾಲಿಗೆ ಆ 700 ಮಿಲಿಲೀಟರೂ ಗಟ್ಟಿಯಾದ ಬಂಡವಾಳವಲ್ಲ. ರಕ್ಷಣೆ ಬೇಕಿರುವುದು ಇಂಥವರಿಗೆ.

ಇಲ್ಲಿ ನಿಮ್ಮ ಗಮನಕ್ಕೆ ತರಬೇಕಾದ ಸಂಗತಿಯೊಂದಿದೆ. ವಿಕಿರಣ ಮಾಡುವ ಇದೇ ಗಾಯವನ್ನು, ಅಭಿಧಮನಿ ಮುಚ್ಚಿಹೋಗುವ ಇದೇ ರೋಗವನ್ನು, ಗಿಡದ ರಾಸಾಯನಿಕವೂ ಮಾಡುತ್ತದೆ. 1950ರ ದಶಕದಲ್ಲಿ ಜಮೈಕಾದಲ್ಲಿ ಕಾಡುಗಿಡಗಳ ಕಷಾಯ ಕುಡಿದ ಮಕ್ಕಳಲ್ಲಿ ಅದು ಕಂಡಿತು. 1970ರ ದಶಕದಲ್ಲಿ ನಮ್ಮ ದೇಶದಲ್ಲೇ, ಆಗ ಮಧ್ಯಪ್ರದೇಶಕ್ಕೆ ಸೇರಿದ್ದ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ ಜನ ಹೊಟ್ಟೆಯಲ್ಲಿ ನೀರು ತುಂಬಿ ಸತ್ತರು. ದೆಹಲಿಯ ವೈದ್ಯರು ಹೋಗಿ ನೋಡಿದಾಗ ಅವರು ತಿನ್ನುತ್ತಿದ್ದ ಸಾಮೆಯಲ್ಲಿ ಕ್ರೋಟಲೇರಿಯಾ ಎಂಬ ಕಳೆಗಿಡದ ಬೀಜ ಬೆರೆತಿತ್ತು. ಸೆಣಬಿನ ಕುಲದ ಗಿಡ ಅದು. ಅದರ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳನ್ನು ಯಕೃತ್ತು ತಾನೇ ವಿಷವಾಗಿ ಮಾರ್ಪಡಿಸಿಕೊಂಡು ತನ್ನದೇ ರಕ್ತನಾಳಗಳನ್ನು ಸುಟ್ಟುಕೊಳ್ಳುತ್ತದೆ. ಈ ವರದಿ 1976ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗಿಡದಿಂದ ಬಂದದ್ದು ಯಕೃತ್ತಿಗೆ ಒಳ್ಳೆಯದೇ ಮಾಡುತ್ತದೆ ಎಂದು ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಸರ್ಗುಜಾ.

ಈಗ ಮಣಿಪಾಲಕ್ಕೆ ಬರೋಣ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಡಾ. ಪಿ. ಉಮಾದೇವಿಯವರ ತಂಡ 1990ರ ದಶಕದಲ್ಲಿ ತುಳಸಿಯ ಮೇಲೆ ಮಾಡಿದ ಕೆಲಸ ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಉಲ್ಲೇಖಗೊಂಡಿದೆ. ಕನ್ನಡದಲ್ಲಿ ಅದರ ಬಗ್ಗೆ ಸಾಕಷ್ಟು ಬರೆದಿಲ್ಲವಲ್ಲ ಎಂಬ ಕೊರಗು ನನಗಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅವರು ತುಳಸಿ ಎಲೆಯ ನೀರಿನ ಸಾರವನ್ನು ಇಲಿಗಳ ಹೊಟ್ಟೆಯೊಳಕ್ಕೆ ಚುಚ್ಚುಮದ್ದಾಗಿ, ದೇಹತೂಕದ ಕಿಲೋಗೆ 10 ಮಿಲಿಗ್ರಾಂನಂತೆ ಐದು ದಿನ ಕೊಟ್ಟರು. ಕೊನೆಯ ಚುಚ್ಚುಮದ್ದಿನ ಅರ್ಧ ಗಂಟೆಯ ನಂತರ ಗಾಮಾ ಕಿರಣ ಹಾಯಿಸಿದರು. ಒಂದು ಸರಣಿಯಲ್ಲಿ ಯಕೃತ್ತನ್ನೇ ತೆಗೆದು ಅಳೆದರು. ಬರೀ ವಿಕಿರಣ ತಿಂದ ಇಲಿಗಳಲ್ಲಿ ಕೋಶದ ಸ್ವಂತ ರಕ್ಷಕ ಅಣುವಾದ ಗ್ಲುಟಾಥಯಾನ್ ಮತ್ತು ಅದರ ಜೊತೆಗಾರ ಕಿಣ್ವಗಳು ಕುಸಿದಿದ್ದವು, ಕೋಶಪೊರೆಯ ಕೊಬ್ಬು ಕೆಡುವುದು ಹೆಚ್ಚಿತ್ತು. ತುಳಸಿ ಪಡೆದ ಇಲಿಗಳಲ್ಲಿ ಈ ಕುಸಿತಕ್ಕೆ ತಡೆ ಬಿದ್ದಿತ್ತು, ಚೇತರಿಕೆಯೂ ಬೇಗ ಆಯಿತು. ಅಲ್ಲಿಗೇ ನಿಲ್ಲದೆ, ಎಲೆಯಲ್ಲಿ ಕೆಲಸ ಮಾಡುವ ವಸ್ತು ಯಾವುದು ಎಂದು ಹುಡುಕಿ ಓರಿಯೆಂಟಿನ್ ಮತ್ತು ವೈಸೆನಿನ್ ಎಂಬ ಎರಡು ಫ್ಲೇವನಾಯ್ಡ್‌ಗಳನ್ನು ಬೇರ್ಪಡಿಸಿದರು. 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಿಲೋಗೆ ಕೇವಲ 50 ಮೈಕ್ರೋಗ್ರಾಂ ಕೊಟ್ಟಾಗ ಇಲಿಗಳ ಉಳಿವು ಹೆಚ್ಚಿತು. ಡೋಸ್ ಮಾರ್ಪಾಟಿನ ಅಂಶ ಓರಿಯೆಂಟಿನ್‌ಗೆ 1.30, ವೈಸೆನಿನ್‌ಗೆ 1.37 ಎಂದು ಲೆಕ್ಕ ಹಾಕಿದರು. ಅಂದರೆ ಅಷ್ಟೇ ಇಲಿಗಳು ಸಾಯಬೇಕಾದರೆ ವಿಕಿರಣವನ್ನು 1.3 ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಮಾಡಬೇಕು.

ಈ 50 ಮೈಕ್ರೋಗ್ರಾಂ ನನ್ನನ್ನು ಬಹಳ ಕಾಡಿದ ಅಂಕಿ. ಗಿಡದ ಫ್ಲೇವನಾಯ್ಡ್‌ಗಳ ಬಗ್ಗೆ ಸಾಮಾನ್ಯವಾಗಿ ಕೊಡುವ ವಿವರಣೆ ಇದು: ವಿಕಿರಣ ದೇಹದ ನೀರನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಅವು ಡಿಎನ್ಎಯನ್ನು ಕಡಿಯುತ್ತವೆ, ಗಿಡದ ಆಂಟಿಆಕ್ಸಿಡೆಂಟ್‌ಗಳು ಹೋಗಿ ಅವನ್ನು ಹಿಡಿದು ನುಂಗುತ್ತವೆ. ಮೊದಲೆರಡು ಮಾತು ಸರಿ. ಗಾಮಾ ಕಿರಣದ ಡಿಎನ್ಎ ಹಾನಿಯಲ್ಲಿ ಸುಮಾರು ಮೂರನೇ ಎರಡು ಭಾಗ ಈ ರ‍್ಯಾಡಿಕಲ್‌ಗಳದ್ದೇ. ಮೂರನೆಯ ಮಾತನ್ನು ಲೆಕ್ಕ ಹಾಕಿ ನೋಡಿ. ಓರಿಯೆಂಟಿನ್‌ನ ಅಣುತೂಕ 448. ಕಿಲೋಗೆ 50 ಮೈಕ್ರೋಗ್ರಾಂ ದೇಹದ ತುಂಬ ಹರಡಿದರೆ ಲೀಟರಿಗೆ 0.1 ಮೈಕ್ರೋಮೋಲ್ ಆಸುಪಾಸು. ಯಕೃತ್ತಿನ ಕೋಶದಲ್ಲಿ ಗ್ಲುಟಾಥಯಾನ್ ಮೊದಲೇ ಲೀಟರಿಗೆ 5ರಿಂದ 10 ಮಿಲಿಮೋಲ್ ಇರುತ್ತದೆ, ಅಂದರೆ ಹತ್ತಾರು ಸಾವಿರ ಪಟ್ಟು ಹೆಚ್ಚು. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬದುಕುವುದೇ ನ್ಯಾನೋಸೆಕೆಂಡುಗಳಲ್ಲಿ. ಪಕ್ಕದಲ್ಲಿ ಸಿಕ್ಕ ಅಣುವಿಗೆ ಅದು ಕಚ್ಚುತ್ತದೆ. ಆ ಹೊತ್ತಿನಲ್ಲಿ ಇಷ್ಟು ಓರಿಯೆಂಟಿನ್ ಸೇರಿಸುವುದೆಂದರೆ ತುಂಬಿದ ಕೆರೆಗೆ ಒಂದು ಚೆಂಬು ನೀರು ಸುರಿದಂತೆ.

ಪ್ರಯೋಗ ಸುಳ್ಳೆಂದು ಇದರ ಅರ್ಥವಲ್ಲ, ವಿವರಣೆ ಬೇರೆ ಇರಬೇಕು. ನನ್ನ ಒಲವು ಹೀಗಿದೆ: ಗಿಡದ ಈ ಸಂಯುಕ್ತಗಳು ಕೋಶಕ್ಕೆ ಸಣ್ಣ ಕಿರಿಕಿರಿಯಂತೆ ವರ್ತಿಸಿ ಅದರ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುತ್ತವೆ. ಇಂಥದೊಂದು ವ್ಯವಸ್ಥೆ ನಮಗೆ ಚೆನ್ನಾಗಿಯೇ ಗೊತ್ತಿದೆ. ಎನ್‌ಆರ್‌ಎಫ್-2 ಎಂಬ ಪ್ರೋಟೀನನ್ನು ಕೀಪ್-1 ಎಂಬ ಇನ್ನೊಂದು ಪ್ರೋಟೀನು ಸದಾ ಹಿಡಿದಿಟ್ಟಿರುತ್ತದೆ, ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಒತ್ತಡ ಬಿದ್ದಾಗ ಹಿಡಿತ ಸಡಿಲುತ್ತದೆ, ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಹೋಗಿ ಗ್ಲುಟಾಥಯಾನ್ ತಯಾರಿಸುವ, ವಿಷ ಕಳೆಯುವ ಹತ್ತಾರು ಕಿಣ್ವಗಳ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅರಿಶಿನದ ಕರ್ಕ್ಯುಮಿನ್, ಕೋಸಿನ ಜಾತಿಯ ತರಕಾರಿಗಳ ಸಲ್ಫೊರಫೇನ್ ಈ ದಾರಿಯಲ್ಲಿ ಕೆಲಸ ಮಾಡುತ್ತವೆ ಎನ್ನಲು ಒಳ್ಳೆಯ ಪುರಾವೆ ಇದೆ. ಮಣಿಪಾಲದವರು ಐದು ದಿನ ಮೊದಲಿಂದ ತುಳಸಿ ಕೊಟ್ಟದ್ದು, ವಿಕಿರಣ ಬೀಳುವ ಮೊದಲೇ ಯಕೃತ್ತಿನ ಗ್ಲುಟಾಥಯಾನ್ ಏರಿದ್ದು, ಎರಡೂ ಈ ವಿವರಣೆಗೆ ಹೊಂದುತ್ತವೆ. ಶುದ್ಧ ಫ್ಲೇವನಾಯ್ಡನ್ನು ಒಂದೇ ಚುಚ್ಚುಮದ್ದಾಗಿ ಕೊಟ್ಟಾಗ, ವಿಕಿರಣದ ನಂತರದ ಗಂಟೆಗಳಲ್ಲಿ ಕೋಶ ತನ್ನ ದುರಸ್ತಿಯನ್ನು ಹೇಗೆ ನಡೆಸಿತು ಎಂಬುದೇ ಮುಖ್ಯವಾಗಿರಬೇಕು.

ಗಿಡದ ವಸ್ತುವಿನ ಕೆಲಸ ನಾವು ಅಂದುಕೊಂಡ ಹಾದಿಯಲ್ಲೇ ನಡೆಯುತ್ತದೆ ಎಂದೇನಿಲ್ಲ. ಯೂರೋಪಿನ ಸಿಲಿಬಮ್ ಎಂಬ ಮುಳ್ಳುಗಿಡದ ಬೀಜದಿಂದ ಬರುವ ಸಿಲಿಮರಿನ್ ಯಕೃತ್ತಿನ ಮದ್ದುಗಳಲ್ಲೆಲ್ಲ ಹೆಸರಾದದ್ದು. ಇಲಿಗಳಲ್ಲಿ ಅದು ವಿಕಿರಣದಿಂದಲೂ ಯಕೃತ್ತನ್ನು ಕಾಪಾಡಿದೆ. ಅಮಾನಿಟಾ ಎಂಬ ವಿಷ ಅಣಬೆ ತಿಂದವರಿಗೆ ಅದರ ಸಿಲಿಬಿನಿನ್ ಅಂಶವನ್ನು ರಕ್ತನಾಳಕ್ಕೆ ಕೊಡುವ ಪದ್ಧತಿ ಯೂರೋಪಿನಲ್ಲಿದೆ. ಅಲ್ಲಿ ಅದರ ದೊಡ್ಡ ಕೆಲಸ, ಅಣಬೆಯ ವಿಷ ಯಕೃತ್ತಿನ ಕೋಶದೊಳಗೆ ಹೋಗುವ ಬಾಗಿಲನ್ನೇ ಮುಚ್ಚುವುದು. ಅದೇ ಸಿಲಿಮರಿನ್ನನ್ನು ಹೆಪಟೈಟಿಸ್-ಸಿ ಇದ್ದ 154 ರೋಗಿಗಳ ಮೇಲೆ ಅಮೆರಿಕದಲ್ಲಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಸಾಮಾನ್ಯಕ್ಕಿಂತ ದೊಡ್ಡ ಡೋಸಿನಲ್ಲೂ ಹುಸಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಒಂದು ಸಂದರ್ಭದಲ್ಲಿ ಜೀವ ಉಳಿಸಲು ಬಳಸುವ ವಸ್ತು ಇನ್ನೊಂದರಲ್ಲಿ ನಿಷ್ಪ್ರಯೋಜಕ.

ನಮ್ಮ ಕಿರುನೆಲ್ಲಿಯ ಕಥೆಯೂ ಇದೇ ಬಗೆಯದು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಹೆಪಟೈಟಿಸ್-ಬಿ ವೈರಸನ್ನು ಕಂಡುಹಿಡಿದ ನೊಬೆಲ್ ವಿಜ್ಞಾನಿ ಬ್ಲಂಬರ್ಗ್ ಸೇರಿ ಲ್ಯಾನ್ಸೆಟ್‌ನಲ್ಲಿ ಒಂದು ವರದಿ ಪ್ರಕಟಿಸಿದರು. ಕಿರುನೆಲ್ಲಿ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸಿನ ಗುರುತು ಮಾಯವಾಗಿತ್ತು. ಹುಸಿ ಮದ್ದು ತಿಂದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಅದನ್ನು ಓದಿ ಸಂತೋಷಪಡದವರು ಯಾರು? ಆದರೆ ಥಾಯ್ಲೆಂಡ್ ಮೊದಲಾದ ಕಡೆ ಅದೇ ಪರೀಕ್ಷೆ ಮಾಡಿದಾಗ ಅಂಥ ಫಲಿತಾಂಶ ಮರಳಲಿಲ್ಲ. ಮನುಷ್ಯರ ಮೇಲಿನ ಒಂದು ಒಳ್ಳೆಯ ಫಲಿತಾಂಶಕ್ಕೇ ಈ ಗತಿಯಾದರೆ, ಇಲಿಯ ಫಲಿತಾಂಶವನ್ನು ಎಷ್ಟು ಎಚ್ಚರದಿಂದ ಹಿಡಿಯಬೇಕು ಯೋಚಿಸಿ.

ಇಲಿಯ ಪ್ರಯೋಗಗಳಲ್ಲಿ ಕೆಲವು ಸಂಗತಿಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಆಗಿರುತ್ತವೆ. ಇಲಿ ಆರೋಗ್ಯವಾಗಿರುತ್ತದೆ, ಅದಕ್ಕೆ ಸಿರೋಸಿಸ್ ಇಲ್ಲ. ಇಡೀ ದೇಹಕ್ಕೆ ಒಂದೇ ಸಲ ಕಿರಣ ಬಿಡುತ್ತಾರೆ. ಆಸ್ಪತ್ರೆಯಲ್ಲಾದರೆ ಅಂಗದ ಒಂದು ಭಾಗಕ್ಕೆ, ಕಂತುಗಳಲ್ಲಿ. ಮದ್ದನ್ನು ಕಿರಣಕ್ಕೆ ಮೊದಲು, ಬಹಳ ಸಲ ಚುಚ್ಚುಮದ್ದಾಗಿ ಕೊಡುತ್ತಾರೆ. ನಾವು ಬಾಯಲ್ಲಿ ಕುಡಿದ ಫ್ಲೇವನಾಯ್ಡನ್ನು ಕರುಳು ಮತ್ತು ಯಕೃತ್ತು ಸೇರಿ ಬಹುಪಾಲು ರೂಪ ಬದಲಿಸಿ ಹೊರಗೆ ಹಾಕುತ್ತವೆ. ಅದಲ್ಲದೆ ಅಳೆಯುವುದು ಕೆಲವೇ ಗಂಟೆ, ದಿನಗಳ ಕಿಣ್ವದ ಮಟ್ಟವನ್ನು. ರೋಗಿಯನ್ನು ಕೊಲ್ಲುವ ಅಭಿಧಮನಿಯ ರೋಗ ತಲೆ ಎತ್ತುವುದು ವಾರಗಳ, ತಿಂಗಳುಗಳ ನಂತರ.

ಇವೆಲ್ಲಕ್ಕಿಂತ ದೊಡ್ಡದು ಗಡ್ಡೆಯ ಪ್ರಶ್ನೆ. ವಿಕಿರಣ ಗಡ್ಡೆಯನ್ನು ಕೊಲ್ಲುವುದೂ ಅದೇ ರ‍್ಯಾಡಿಕಲ್‌ಗಳಿಂದ, ಅದೇ ಡಿಎನ್ಎ ಕಡಿತದಿಂದ. ಎನ್‌ಆರ್‌ಎಫ್-2 ಸದಾ ಎಚ್ಚರವಾಗಿರುವ ಗಡ್ಡೆಗಳು ವಿಕಿರಣಕ್ಕೆ ಮಣಿಯುವುದು ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ 540 ರೋಗಿಗಳಿಗೆ ವಿಟಮಿನ್-ಇ, ಮೊದಮೊದಲು ಬೀಟಾ ಕೆರೊಟಿನ್ ಕೂಡ ಕೊಟ್ಟು ನೋಡಿದರು. ಫಲಿತಾಂಶ ಪ್ರಕಟವಾದದ್ದು 2005ರಲ್ಲಿ. ಎರಡನ್ನೂ ಪಡೆದವರಲ್ಲಿ ಅಡ್ಡಪರಿಣಾಮ ಕಡಿಮೆಯಾಯಿತು, ಆದರೆ ಕ್ಯಾನ್ಸರ್ ಮರುಕಳಿಸುವ ಒಲವು ಹೆಚ್ಚಿತು. ಮರುವರ್ಷದ ವರದಿಯಲ್ಲಿ ವಿಟಮಿನ್ ಗುಂಪಿನ ಒಟ್ಟು ಸಾವುಗಳೂ ಹೆಚ್ಚೆಂದು ಕಂಡಿತು. ಚಿಕಿತ್ಸೆಯ ನೋವು ಕಡಿಮೆಯಾಯಿತೆಂದು ರೋಗಿ ಸಂತೋಷಪಡುತ್ತಿರುವಾಗಲೇ ಚಿಕಿತ್ಸೆ ತನ್ನ ಹಿಡಿತ ಸಡಿಲಿಸಿರಬಹುದು. ಇದನ್ನು ಯಾವ ಕಿಣ್ವದ ಪರೀಕ್ಷೆಯೂ ಹೇಳುವುದಿಲ್ಲ, ವರ್ಷಗಟ್ಟಲೆ ರೋಗಿಯನ್ನು ಹಿಂಬಾಲಿಸಿದರೆ ಮಾತ್ರ ತಿಳಿಯುತ್ತದೆ.

ಆಯ್ದು ಕಾಯುವುದು ಅಸಾಧ್ಯವೇನಲ್ಲ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯ ಯೋಜನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಂಯುಕ್ತಗಳನ್ನು ಸೋಸಿ ಆರಿಸಿದ ಅಮಿಫಾಸ್ಟಿನ್‌ಗೆ ಆ ಗುಣವಿದೆ. ಆರೋಗ್ಯವಂತ ಅಂಗಾಂಶದ ರಕ್ತನಾಳಗಳಲ್ಲಿ ಹೇರಳವಾಗಿರುವ ಕಿಣ್ವವೊಂದು ಅದನ್ನು ಜಾಗೃತಗೊಳಿಸುತ್ತದೆ, ಗಡ್ಡೆಯಲ್ಲಿ ಆ ಕಿಣ್ವ ವಿರಳ. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಬಾಯಿ ಒಣಗುವುದನ್ನು ತಡೆಯಲು ಅನುಮತಿ ಸಿಕ್ಕಿತು. ಆದರೆ ವಾಂತಿ, ರಕ್ತದೊತ್ತಡ ಇಳಿಯುವುದು ಅದರ ಬೆನ್ನಿಗೇ ಇವೆ. ಮಣಿಪಾಲದ ತಂಡ ಇಲ್ಲೂ ಜಾಣತನ ತೋರಿತ್ತು: ತುಳಸಿಯ ಸಾರವನ್ನು ಇದೇ ಔಷಧದ ಜೊತೆಗೆ ಕೊಟ್ಟಾಗ ಇಲಿಯ ಅಸ್ಥಿಮಜ್ಜೆಗೆ ರಕ್ಷಣೆ ಹೆಚ್ಚಿತು, ಔಷಧದ ವಿಷಗುಣ ತಗ್ಗಿತು ಎಂದು 1998ರಲ್ಲಿ ಬರೆದರು. ಈ ಎಳೆಯನ್ನು ಮುಂದಕ್ಕೆ ಹಿಡಿಯಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ರೋಗಿಗಳ ಮನೆಯ ಕಷಾಯದ ಮಾತಿಗೆ ಬರುತ್ತೇನೆ. ಅಮೃತಬಳ್ಳಿಯನ್ನೂ ಪ್ರಯೋಗಾಲಯದಲ್ಲಿ ವಿಕಿರಣ ರಕ್ಷಕವೆಂದು ಪರೀಕ್ಷಿಸಿದ್ದಾರೆ. ಕೋವಿಡ್ ಕಾಲದಲ್ಲಿ ಊರಿಗೂರೇ ಅದನ್ನು ಕುಡಿಯಿತು. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ಆರು ರೋಗಿಗಳ ವರದಿ ಕೊಟ್ಟರು. ಮರುವರ್ಷ ದೇಶದ 13 ಕೇಂದ್ರಗಳು ಸೇರಿ 43 ಪ್ರಕರಣಗಳನ್ನು ಪ್ರಕಟಿಸಿದವು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಲಕ್ಷಣ ಹಲವರಲ್ಲಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಕುಲದ ಬೇರೆ ಬಳ್ಳಿ ಬೆರೆತಿರಬಹುದು ಎಂದಿತು. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹಾಗಿದ್ದರೂ, ಬೇಲಿಯಿಂದ ಕಿತ್ತು ತಂದ ಬಳ್ಳಿ ಯಾವುದೆಂದು ಗೊತ್ತಿಲ್ಲದೆ ಕುಡಿಯುವುದು ಎಷ್ಟು ಅಪಾಯ ಎಂಬುದನ್ನೇ ಅದು ಸಾರುತ್ತದೆ. ಅರಿಶಿನದ ಸಾಂದ್ರ ಗುಳಿಗೆಗಳಿಂದಲೂ ಯಕೃತ್ತು ಕೆಟ್ಟ 10 ಪ್ರಕರಣಗಳನ್ನು ಅಮೆರಿಕದ ತಜ್ಞರ ಜಾಲ 2022ರಲ್ಲಿ ವರದಿ ಮಾಡಿತು. ಅವರಲ್ಲಿ 7 ಮಂದಿಗೆ ಒಂದೇ ಬಗೆಯ ಆನುವಂಶಿಕ ಗುರುತಿತ್ತು. ಸಾರಿಗೆ ಹಾಕುವ ಅರಿಶಿನಕ್ಕೂ ಈ ಗುಳಿಗೆಗಳಿಗೂ ಪ್ರಮಾಣದಲ್ಲಿ ಅಜಗಜಾಂತರವಿದೆ. ಸಾರಿನ ಬಗ್ಗೆ ಹೆದರಿಕೆ ಬೇಡ.

ವಿಕಿರಣ ಚಿಕಿತ್ಸೆಯಲ್ಲಿರುವವರಿಗೂ ಅವರ ಮನೆಯವರಿಗೂ ನನ್ನ ಕೋರಿಕೆ ಇಷ್ಟೇ: ಕಷಾಯವಿರಲಿ, ಪುಡಿಯಿರಲಿ, ಡಬ್ಬಿಯನ್ನೇ ಕೊಂಡೊಯ್ದು ಡಾಕ್ಟರಿಗೆ ತೋರಿಸಿ, ಅವರು ನಿಲ್ಲಿಸಿ ಎಂದರೆ ಚಿಕಿತ್ಸೆ ಮುಗಿಯುವವರೆಗಾದರೂ ನಿಲ್ಲಿಸಿ. ಡಾಕ್ಟರುಗಳಲ್ಲಿ ಕೋರಿಕೆ ಇನ್ನೊಂದು. ರೋಗಿ ಹೇಳಿದಾಗ ಗದರಬೇಡಿ. ಗದರಿದರೆ ಮುಂದಿನ ಸಲ ಹೇಳುವುದಿಲ್ಲ, ಯಕೃತ್ತಿನ ಕಿಣ್ವ ಏರಿದಾಗ ಅದು ಕಿರಣದಿಂದಲೋ ಬಳ್ಳಿಯಿಂದಲೋ ನಿಮಗೂ ತಿಳಿಯುವುದಿಲ್ಲ.

ಕೊನೆಯದಾಗಿ, ಆಗಬೇಕಾದ ಕೆಲಸ. ಅರಿಶಿನದ ಇನ್ನೊಂದು ಅನುಭವ ಇಲ್ಲಿ ದಾರಿ ತೋರಿಸುತ್ತದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಸ್ತನ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ 30 ಮಹಿಳೆಯರಿಗೆ ದಿನಕ್ಕೆ 6 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಚರ್ಮದ ಸುಡುವಿಕೆ ಕಡಿಮೆಯಾಯಿತೆಂದು 2013ರಲ್ಲಿ ವರದಿ ಬಂತು. ಅದೇ ಸಂಶೋಧಕರು ಧೈರ್ಯದಿಂದ 686 ಮಹಿಳೆಯರ ದೊಡ್ಡ ಪರೀಕ್ಷೆ ನಡೆಸಿದರು. ಪ್ರಯೋಜನ ಕಾಣಲಿಲ್ಲ, ಕಾಣಲಿಲ್ಲವೆಂದೇ 2018ರಲ್ಲಿ ಪ್ರಕಟಿಸಿದರು. ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ತುಳಸಿಗೂ ಅಂಥ ಪರೀಕ್ಷೆ ಬೇಕು. ಸಿರೋಸಿಸ್ ಇನ್ನೂ ಹಗುರ ಹಂತದಲ್ಲಿರುವ, ಯಕೃತ್ತಿನ ಕ್ಯಾನ್ಸರಿಗೆ ನಿಖರ ವಿಕಿರಣ ಪಡೆಯುವ ರೋಗಿಗಳನ್ನು ಆರಿಸಿಕೊಳ್ಳಬೇಕು. ಎಲೆಯ ಕಷಾಯವಾದರೆ ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಅಂಶ ಬದಲಾಗುತ್ತದೆ, ಆದ್ದರಿಂದ ಓರಿಯೆಂಟಿನ್, ವೈಸೆನಿನ್ ಎಷ್ಟಿದೆ ಎಂದು ಅಳೆದಿಟ್ಟ ಔಷಧವೇ ಆಗಬೇಕು. ಅದಕ್ಕೂ ಮೊದಲು, ಬಾಯಲ್ಲಿ ಕೊಟ್ಟರೆ ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಆರೋಗ್ಯವಂತರಲ್ಲಿ ನೋಡಬೇಕು. ಯಕೃತ್ತಿನ ಕಾರ್ಯಶಕ್ತಿಯನ್ನು ಅಳೆಯುವ ಚೈಲ್ಡ್-ಪ್ಯೂ ಅಂಕ ಮೂರು ತಿಂಗಳೊಳಗೆ ಎರಡು ಅಥವಾ ಹೆಚ್ಚು ಕೆಟ್ಟಿತೇ ಎಂಬುದು ಒಂದು ಅಳತೆ. ವರ್ಷದ ಕೊನೆಗೆ ಗಡ್ಡೆ ಹತೋಟಿಯಲ್ಲಿದೆಯೇ ಎಂಬುದು ಅಷ್ಟೇ ತೂಕದ ಇನ್ನೊಂದು ಅಳತೆ. ಎರಡನ್ನೂ ಮೊದಲೇ ದೇಶದ ಚಿಕಿತ್ಸಾ ಪರೀಕ್ಷೆಗಳ ನೋಂದಣಿಯಲ್ಲಿ ದಾಖಲಿಸಬೇಕು. 2009ರಿಂದ ಅದು ಕಡ್ಡಾಯವೂ ಹೌದು. ಬೆಂಗಳೂರಿನ ಕಿದ್ವಾಯಿ, ಮಣಿಪಾಲದ ಆಸ್ಪತ್ರೆ ಸೇರಿದಂತೆ ಇಂಥ ರೋಗಿಗಳನ್ನು ದಿನವೂ ನೋಡುವ ಕೇಂದ್ರಗಳು ನಮ್ಮ ರಾಜ್ಯದಲ್ಲೇ ಇವೆ. ಇಲ್ಲದಿರುವುದು ಹಣ ಹಾಕುವವರು. ಸಾವಿರಾರು ವರ್ಷಗಳಿಂದ ಅಂಗಳದಲ್ಲಿ ಬೆಳೆದ ಗಿಡದ ಮೇಲೆ ಏಕಸ್ವಾಮ್ಯ ಸಿಗುವುದು ಕಷ್ಟ, ಹಾಗಾಗಿ ಔಷಧ ಕಂಪನಿಗಳು ಕೋಟಿಗಟ್ಟಲೆ ಸುರಿಯಲು ಮುಂದೆ ಬರುವುದಿಲ್ಲ. ಈ ವೆಚ್ಚ ಸರ್ಕಾರದ ಸಂಶೋಧನಾ ನಿಧಿಗಳಿಂದ, ವಿಶ್ವವಿದ್ಯಾಲಯಗಳಿಂದ, ದತ್ತಿಗಳಿಂದಲೇ ಬರಬೇಕು. ಈ ಸಭೆಯಲ್ಲಿ ಅಂಥ ನಿಧಿಗಳ ಸಮಿತಿಗಳಲ್ಲಿ ಕೂರುವವರು ಇದ್ದಾರೆ. ಅವರ ಮೇಜಿಗೆ ಇಂಥ ಅರ್ಜಿ ಬಂದಾಗ, ಗಡ್ಡೆಯ ಅಳತೆ ಅದರಲ್ಲಿ ಇದೆಯೇ ಎಂದು ಮೊದಲು ನೋಡಲಿ, ಇದ್ದರೆ ಹಣ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.